ಡಿಸ್ಲ್ಯಾಮ್‌ನಲ್ಲಿ ಡಿಎಸ್‌ಎಲ್ ಪೋರ್ಟ್ ಹೊಂದಿಸುವುದು ಹೇಗೆ: ವೈರ್ ಅಳೆಯುವುದರಿಂದ ಹಿಡಿದು ಸೇವ್ ಮಾಡುವವರೆಗೆ

ಮೈಸೂರು, ಮಂಡ್ಯದ ಬಹಳಷ್ಟು ಬೀದಿಗಳಿಗೆ ಫೈಬರ್ ಬಂದಿದೆ, ನಿಜ. ಆದರೂ ತಾಮ್ರದ ವೈರ್ ಪೂರ್ತಿ ಹೋಗಿಲ್ಲ. ಕಾಲೇಜು ಹಾಸ್ಟೆಲ್, ಕಾರ್ಖಾನೆ ಕ್ವಾರ್ಟರ್ಸ್, ಗಾರೆ ಗೋಡೆಯ ಹಳೇ ಕಟ್ಟಡ, ಒಂದೇ ಕಾಂಪೌಂಡಿನಲ್ಲಿ ಅಲ್ಲೊಂದು ಇಲ್ಲೊಂದು ಬ್ಲಾಕ್ ಇರುವ ಸಂಸ್ಥೆ, ಇಂಥ ಕಡೆಯೆಲ್ಲ ಇಂಟರ್‌ಕಾಮ್‌ಗೆ ಅಂತ ಎಂದೋ ಎಳೆದ ಕೇಬಲ್ ಈಗಲೂ ಗೋಡೆಯೊಳಗೆ, ನೆಲದೊಳಗೆ ಇದೆ. ಅದಕ್ಕೆ 24 ಅಥವಾ 48 ಪೋರ್ಟಿನ ಒಂದು ಸಣ್ಣ ಡಿಸ್ಲ್ಯಾಮ್ (ಫೋನ್ ವೈರ್ ಮೇಲೆಯೇ ಡಿಎಸ್‌ಎಲ್ ಇಂಟರ್ನೆಟ್ಟನ್ನು ಹಲವು ಮನೆಗೆ ಹಂಚುವ ಪೆಟ್ಟಿಗೆ) ಸೇರಿಸಿದರೆ ನೆಲ ಅಗೆಯದೆ, ಗೋಡೆ ಕೊರೆಯದೆ ಪ್ರತಿ ಮನೆಗೂ ಬ್ರಾಡ್‌ಬ್ಯಾಂಡ್ ಕೊಡಬಹುದು. ಈ ಬರಹ ಅಂಥ ಡಿಸ್ಲ್ಯಾಮ್ ನೋಡಿಕೊಳ್ಳುವವರಿಗೆ. ಫೈಬರ್ ಎಳೆಯಲು ದುಡ್ಡು, ಜಾಗ, ಅನುಮತಿ ಮೂರೂ ಇದ್ದರೆ ಫೈಬರನ್ನೇ ಎಳೆಯಿರಿ. ಅದರಲ್ಲಿ ಎರಡು ಮಾತಿಲ್ಲ.

ಇಲ್ಲಿ ನಾನು ಒತ್ತಿ ಹೇಳಬೇಕಾದದ್ದು ಒಂದೇ. ಪೋರ್ಟ್ ಸೆಟ್ಟಿಂಗನ್ನು ಆ ಪೋರ್ಟಿಗೆ ಬಂದಿರುವ ವೈರ್ ನೋಡಿ ಮಾಡಬೇಕು. 48 ಪೋರ್ಟಿಗೂ ಒಂದೇ ಪ್ರೊಫೈಲ್ (ಸೆಟ್ಟಿಂಗ್‌ಗಳ ಗುಂಪು) ಹಾಕಿ ಎದ್ದು ಹೋದರೆ ಹತ್ತಿರದ ಮನೆಯವರಿಗೆ ಸಿಗಬೇಕಾದ ಸ್ಪೀಡ್ ಸಿಗುವುದಿಲ್ಲ, ದೂರದ ಮನೆಯವರಿಗೆ ಲೈನ್ ನಿಲ್ಲುವುದೇ ಇಲ್ಲ. ಆಮೇಲೆ ಎಲ್ಲರೂ ಮೋಡೆಮ್ ಸರಿ ಇಲ್ಲ ಅಂತ ಮೋಡೆಮ್ ಬದಲಾಯಿಸುತ್ತಾ ಕೂರುತ್ತಾರೆ.

ಮೆನು ಹೆಸರುಗಳು ಹುವಾವೇಯಲ್ಲಿ ಒಂದು ಥರ, ಝಡ್‌ಟಿಇಯಲ್ಲಿ ಒಂದು ಥರ, ಝೈಕ್ಸೆಲ್, ನೋಕಿಯಾದಲ್ಲಿ ಇನ್ನೊಂದು ಥರ ಇರುತ್ತವೆ. ಅದಕ್ಕೇ ಇಲ್ಲಿ ಕಮಾಂಡ್ ಕೊಡುತ್ತಿಲ್ಲ. ಆದರೆ ಒಳಗಿರುವ ಅಂಶಗಳು ಎಲ್ಲದರಲ್ಲೂ ಅವೇ, ಯಾಕೆಂದರೆ ಎಲ್ಲ ಕಂಪನಿಗಳೂ ಪಾಲಿಸುವುದು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಮಾಡಿದ ಒಂದೇ ಮಾನದಂಡವನ್ನು. ಇನ್ನೊಂದು ಮಾತು, ಇದೆಲ್ಲ ನಿಮ್ಮ ಸಂಸ್ಥೆಯದೇ ಆದ ಉಪಕರಣಕ್ಕೆ ಮಾತ್ರ. ಟೆಲಿಫೋನ್ ಕಂಪನಿಯ ಪಿಲ್ಲರ್, ಡಿಪಿ ಬಾಕ್ಸ್ (ಬೀದಿಯಲ್ಲಿರುವ ಕೇಬಲ್ ಪೆಟ್ಟಿಗೆಗಳು) ತೆರೆದು ಕೈ ಹಾಕಬೇಡಿ.

ಮೊದಲು ವೈರ್, ಆಮೇಲೆ ಲಾಗಿನ್

ಒಂದು ಮಲ್ಟಿಮೀಟರ್, ಕ್ರೋನ್ ಟೂಲ್ (ವೈರನ್ನು ಮಾಡ್ಯೂಲಿಗೆ ಒತ್ತಿ ಕೂರಿಸುವ ಉಪಕರಣ), ನೋಟ್‌ಬುಕ್ ತೆಗೆದುಕೊಂಡು ಎಂಡಿಎಫ್ (ಎಲ್ಲ ಮನೆಗಳ ವೈರ್ ಬಂದು ಸೇರುವ ಚೌಕಟ್ಟು) ಹತ್ತಿರ ಹೋಗಿ. ಅಳೆಯಬೇಕಾದ ಜೋಡಿಯನ್ನು ಡಿಸ್ಲ್ಯಾಮ್‌ನಿಂದಲೂ ಸ್ಪ್ಲಿಟರ್‌ನಿಂದಲೂ (ಫೋನ್ ಮತ್ತು ಡಿಎಸ್‌ಎಲ್ ಬೇರೆ ಮಾಡುವ ಪೆಟ್ಟಿಗೆ) ಬಿಡಿಸಿ. ಸ್ಪ್ಲಿಟರ್ ಒಳಗಿನ ಕಾಯಿಲ್ ಸೇರಿಕೊಂಡರೆ ಲೆಕ್ಕ ತಪ್ಪುತ್ತದೆ. ಕ್ರೋನ್ ಮಾಡ್ಯೂಲ್ ಡಿಸ್ಕನೆಕ್ಷನ್ ಮಾದರಿಯದಾಗಿದ್ದರೆ ವೈರ್ ಕೀಳುವ ಅಗತ್ಯವಿಲ್ಲ, ಪ್ಲಗ್ ಹಾಕಿದರೆ ಸಾಕು. ಅದೇ ಜೋಡಿಯಲ್ಲಿ ಫೋನ್ ಕೂಡ ಇದ್ದರೆ ಎಚ್ಚರ ಇರಲಿ. ಲೈನಿನಲ್ಲಿ 48 ವೋಲ್ಟ್ ಡಿಸಿ ಇರುತ್ತದೆ, ರಿಂಗ್ ಬಂದರೆ ಸುಮಾರು 75 ವೋಲ್ಟ್ ಎಸಿ. ಬರಿಗೈಯಲ್ಲಿ ಹಿಡಿದಿದ್ದರೆ ಜೋರಾಗಿಯೇ ಹೊಡೆಯುತ್ತದೆ.

ಮೊದಲು ವೋಲ್ಟೇಜ್ ನೋಡಿ. ಬಿಡಿಸಿದ ಜೋಡಿಯಲ್ಲಿ ವೋಲ್ಟೇಜ್ ಇರಬಾರದು. ಇದ್ದರೆ ಎಲ್ಲೋ ಬೇರೆ ಜೋಡಿಗೆ ತಾಗುತ್ತಿದೆ ಅಂತ. ಆಮೇಲೆ ಎರಡು ತಂತಿಗಳ ನಡುವೆ, ಒಂದೊಂದು ತಂತಿಗೂ ಅರ್ಥ್‌ಗೂ ನಡುವೆ ಇನ್ಸುಲೇಶನ್ ನೋಡಿ. ಮೆಗಾಓಮ್‌ಗಳಲ್ಲಿ ಬರಬೇಕು. ಕಿಲೋಓಮ್‌ಗೆ ಇಳಿದಿದ್ದರೆ ಕೇಬಲ್ ಒಳಗೆ ನೀರು ಸೇರಿದೆ. ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಬಳಸುವುದಾದರೆ ಆ ತುದಿಯಲ್ಲಿ ಮೋಡೆಮ್, ಈ ತುದಿಯಲ್ಲಿ ಡಿಸ್ಲ್ಯಾಮ್ ಎರಡೂ ಬಿಡಿಸಿರಲೇಬೇಕು, ಇಲ್ಲದಿದ್ದರೆ ಅದರ ವೋಲ್ಟೇಜಿಗೆ ಪೋರ್ಟ್ ಸುಟ್ಟುಹೋಗುತ್ತದೆ.

ಕೊನೆಗೆ ಲೂಪ್ ರೆಸಿಸ್ಟೆನ್ಸ್. ಆಚೆ ತುದಿಯಲ್ಲಿ ಎರಡೂ ತಂತಿ ಸೇರಿಸಿ ಶಾರ್ಟ್ ಮಾಡಿಸಿ, ಈಚೆಯಿಂದ ಓಮ್ ಅಳೆಯಿರಿ. 0.4 ಮಿಲಿಮೀಟರ್ ತಾಮ್ರಕ್ಕೆ ಒಂದು ಕಿಲೋಮೀಟರಿಗೆ ಸುಮಾರು 280 ಓಮ್, 0.5 ಮಿಲಿಮೀಟರ್‌ಗೆ ಸುಮಾರು 180 ಓಮ್. ಅಂದರೆ 0.4ರ ಕೇಬಲ್‌ನಲ್ಲಿ 140 ಓಮ್ ಬಂದರೆ ದೂರ ಅರ್ಧ ಕಿಲೋಮೀಟರ್. ಕಣ್ಣಿಗೆ 200 ಮೀಟರ್ ಅಂತ ಕಾಣುವ ಬ್ಲಾಕಿಗೆ 300 ಓಮ್ ತೋರಿಸಿದರೆ ಕೇಬಲ್ ಸುತ್ತಿಕೊಂಡು ಹೋಗಿದೆ, ಇಲ್ಲವೇ ನಡುವೆ ತುಕ್ಕು ಹಿಡಿದ ಜಾಯಿಂಟ್ ಇದೆ. ಎರಡನೆಯದೇ ಹೆಚ್ಚು.

ಇಲ್ಲಿ ಒಂದು ವಿಚಿತ್ರ ಲಕ್ಷಣ ತಿಳಿದಿರಲಿ. ಎರಡು ತಂತಿಯಲ್ಲಿ ಒಂದು ಕಡಿದು ಹೋಗಿದ್ದರೂ ಡಿಎಸ್‌ಎಲ್ ಕೆಲವೊಮ್ಮೆ ಸಿಂಕ್ ಆಗುತ್ತದೆ, ಅಂದರೆ ಡಿಸ್ಲ್ಯಾಮ್ ಮತ್ತು ಮೋಡೆಮ್ ನಡುವೆ ಸಂಪರ್ಕ ಕೂಡಿಕೊಳ್ಳುತ್ತದೆ. ಹೆಚ್ಚಿನ ಫ್ರೀಕ್ವೆನ್ಸಿಯ ಸಿಗ್ನಲ್ ಕಡಿದ ಜಾಗವನ್ನು ದಾಟಿ ಹೋಗುವುದರಿಂದ ಹೀಗೆ. ಫೋನ್ ಡೆಡ್, ಇಂಟರ್ನೆಟ್ ಮಾತ್ರ ಕುಂಟುತ್ತಾ ನಡೆಯುತ್ತಿದೆ ಅಂತ ದೂರು ಬಂದರೆ ಪ್ರೊಫೈಲ್ ಮುಟ್ಟಬೇಡಿ, ಸೀದಾ ಜಾಯಿಂಟ್ ಹುಡುಕಿ. ಫೋನ್ ಎತ್ತಿದ ಕೂಡಲೇ ಸಿಂಕ್ ಹೋಗುತ್ತದೆ ಅಂದರೂ ಅಷ್ಟೇ: ಸ್ಪ್ಲಿಟರ್ ಇಲ್ಲ, ಅಥವಾ ಜಾಯಿಂಟ್ ಕೆಟ್ಟಿದೆ. ಮಾತಿಗೆ ಬೇಕಾದದ್ದು 4 ಕಿಲೋಹರ್ಟ್ಸ್ ಒಳಗೆ, ಎಡಿಎಸ್‌ಎಲ್ (ಡಿಎಸ್‌ಎಲ್‌ನ ಹಳೇ ಬಗೆ) ಶುರುವಾಗುವುದು ಸುಮಾರು 26 ಕಿಲೋಹರ್ಟ್ಸ್‌ನಿಂದ. ಎರಡನ್ನೂ ಬೇರೆ ಇಡುವುದೇ ಸ್ಪ್ಲಿಟರ್ ಕೆಲಸ. ಮನೆಯಲ್ಲಿ ಎರಡು ಫೋನ್ ಇದ್ದರೆ ಎರಡಕ್ಕೂ ಫಿಲ್ಟರ್ ಬೇಕು.

ಉಪಯೋಗಕ್ಕಿಲ್ಲದ ಕವಲು ವೈರ್‌ಗಳನ್ನೂ ಕತ್ತರಿಸಿ ತೆಗೆಯಿರಿ. ಹಳೇ ಇಂಟರ್‌ಕಾಮ್ ಪಾಯಿಂಟ್‌ಗೆ ಹೋಗಿ ಅಲ್ಲೇ ನಿಂತಿರುವ ಹತ್ತಿಪ್ಪತ್ತು ಮೀಟರ್ ವೈರ್ ಸುಮ್ನೆ ಇದೆ ಅಂತ ಅನಿಸುತ್ತದೆ. ಆದರೆ ಸಿಗ್ನಲ್ ಅದರೊಳಗೂ ಹೋಗಿ ತುದಿಯಿಂದ ವಾಪಸ್ ಬಂದು ಮೂಲ ಸಿಗ್ನಲ್ಲನ್ನೇ ಕೆಲವು ಫ್ರೀಕ್ವೆನ್ಸಿಗಳಲ್ಲಿ ತಿಂದು ಹಾಕುತ್ತದೆ. ಹೆಚ್ಚು ಸ್ಪೀಡಿನ ಬಗೆಯಾದ ವಿಡಿಎಸ್‌ಎಲ್‌ನಲ್ಲಂತೂ ಇದರ ಹೊಡೆತ ಜಾಸ್ತಿ.

ಒಳಗೆ ಹೋಗುವುದು, ಬ್ಯಾಕಪ್

ಕನ್ಸೋಲ್ ಕೇಬಲ್ ಹಾಕಿ. ಹೆಚ್ಚಿನವು 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಅಕ್ಷರಗಳು ಅಡ್ಡಾದಿಡ್ಡಿ ಬಂದರೆ 115200 ಹಾಕಿ ನೋಡಿ. ಒಳಗೆ ಹೋದ ತಕ್ಷಣ ಮಾಡಬೇಕಾದ್ದು ಈಗಿರುವ ಕಾನ್ಫಿಗರೇಶನ್ ಬ್ಯಾಕಪ್. ಫೈಲ್ ಹೆಸರಲ್ಲಿ ತಾರೀಕು ಇರಲಿ. ಫ್ಯಾಕ್ಟರಿ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಇವತ್ತೇ ಬದಲಾಯಿಸಿ. ಮ್ಯಾನೇಜ್‌ಮೆಂಟ್ ಐಪಿಯನ್ನು ಬಳಕೆದಾರರ ವಿಲ್ಯಾನ್‌ನಿಂದ (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿಟ್ಟ ಭಾಗ) ಬೇರೆ ವಿಲ್ಯಾನ್‌ನಲ್ಲಿ ಇಡಿ, ಇಲ್ಲದಿದ್ದರೆ ಹಾಸ್ಟೆಲ್ ರೂಮಿನಿಂದಲೇ ಯಾರು ಬೇಕಾದರೂ ಡಿಸ್ಲ್ಯಾಮ್ ತೆರೆಯಬಹುದು. ಟೈಮ್ ಸರಿ ಇದೆಯೇ ಅಂತಲೂ ನೋಡಿ. ಗಡಿಯಾರ ತಪ್ಪಿದ್ದರೆ ಮುಂದೆ ಹೇಳುವ ಎರರ್ ಲೆಕ್ಕಗಳೆಲ್ಲ ನಿಷ್ಪ್ರಯೋಜಕ.

ಪ್ರೊಫೈಲ್ ಅಂದರೆ ಏನು, ಪೋರ್ಟ್ ಅಂದರೆ ಏನು

ಸ್ಪೀಡ್, ಮಾರ್ಜಿನ್, ಇಂಟರ್‌ಲೀವ್ (ಒಂದೊಂದೂ ಏನು ಅಂತ ಮುಂದೆ ಬರುತ್ತದೆ) ಇವನ್ನೆಲ್ಲ ಸೇರಿಸಿ ಒಂದು ಹೆಸರು ಕೊಟ್ಟು ಇಡುವುದು ಪ್ರೊಫೈಲ್. ಅದನ್ನು ಪೋರ್ಟಿಗೆ ಅಂಟಿಸುವುದು ಎರಡನೇ ಕೆಲಸ. ಒಂದು ಪ್ರೊಫೈಲ್ ತಿದ್ದಿದರೆ ಅದು ಅಂಟಿರುವ ಎಲ್ಲ ಪೋರ್ಟೂ ಬದಲಾಗುತ್ತವೆ, ಒಟ್ಟಿಗೆ ಬಿದ್ದು ಏಳಲೂಬಹುದು. ಹಾಗಾಗಿ ಬಳಕೆಯಲ್ಲಿರುವ ಪ್ರೊಫೈಲ್ ತಿದ್ದಬೇಡಿ. ಹೊಸದೊಂದು ಮಾಡಿ, ಒಂದು ಪೋರ್ಟಿಗೆ ಮಾತ್ರ ಅಂಟಿಸಿ ನೋಡಿ, ಸರಿ ಬಂದರೆ ಮಿಕ್ಕವಕ್ಕೆ ಹಾಕಿ. ಡಿಫಾಲ್ಟ್ ಪ್ರೊಫೈಲ್ ಹಾಗೇ ಇರಲಿ.

ಹೆಸರನ್ನು ನೋಡಿದರೇ ವಿಷಯ ಗೊತ್ತಾಗಬೇಕು. ಪ್ರೊಫೈಲ್ 1, ಪ್ರೊಫೈಲ್ 2 ಅಂತ ಇಟ್ಟರೆ ಮುಂದೆ ಬರುವವರಿಗೆ ಏನೂ ಅರ್ಥವಾಗುವುದಿಲ್ಲ. ಮೋಡ್, ಗರಿಷ್ಠ ಸ್ಪೀಡ್, ಮಾರ್ಜಿನ್, ಡಿಲೇ ಈ ನಾಲ್ಕೂ ಹೆಸರಲ್ಲೇ ಬರುವಂತೆ ಇಡಿ. ಬಹಳ ಉಪಕರಣಗಳಲ್ಲಿ ಪೋರ್ಟ್ ಆಕ್ಟಿವ್ ಇದ್ದಾಗ ಪ್ರೊಫೈಲ್ ಬದಲಿಸಲು ಬಿಡುವುದಿಲ್ಲ. ಮೊದಲು ಡಿಆಕ್ಟಿವೇಟ್, ಆಮೇಲೆ ಬದಲು, ಮತ್ತೆ ಆಕ್ಟಿವೇಟ್.

ಯಾವ ಮೋಡ್

ಮೂರು ತಲೆಮಾರು ಇವೆ ಅಂದುಕೊಳ್ಳಿ. 1999ರ ಎಡಿಎಸ್‌ಎಲ್ 1.1 ಮೆಗಾಹರ್ಟ್ಸ್‌ವರೆಗೆ ಬಳಸುತ್ತದೆ. 2003ರ ಎಡಿಎಸ್‌ಎಲ್2 ಪ್ಲಸ್ 2.2 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ, ಚೆನ್ನಾಗಿರುವ ಹತ್ತಿರದ ಲೈನಿನಲ್ಲಿ 24 ಎಂಬಿಪಿಎಸ್‌ವರೆಗೆ ಕೊಡುತ್ತದೆ. 2006ರ ವಿಡಿಎಸ್‌ಎಲ್2ರಲ್ಲಿ (ಇಲ್ಲಿ ಪ್ರೊಫೈಲ್ ಅಂದರೆ ಮಾನದಂಡದಲ್ಲೇ ಇರುವ ಬಗೆ, ಮೇಲೆ ನಾವು ಮಾಡಿಟ್ಟ ಪ್ರೊಫೈಲ್ ಅಲ್ಲ) 17ಎ ಪ್ರೊಫೈಲ್ 17.6 ಮೆಗಾಹರ್ಟ್ಸ್‌ವರೆಗೆ, 30ಎ ಪ್ರೊಫೈಲ್ 30 ಮೆಗಾಹರ್ಟ್ಸ್‌ವರೆಗೆ ಬಳಸುತ್ತದೆ. ಫ್ರೀಕ್ವೆನ್ಸಿ ಏರಿದಷ್ಟೂ ತಾಮ್ರದಲ್ಲಿ ಸಿಗ್ನಲ್ ಬೇಗ ಸಾಯುತ್ತದೆ. ಆದ್ದರಿಂದ 30ಎ ಕೆಲವು ನೂರು ಮೀಟರ್‌ಗಷ್ಟೇ. 17ಎ ಕಿಲೋಮೀಟರ್ ಒಳಗೆ ಚೆನ್ನ. ಒಂದೂವರೆ ಕಿಲೋಮೀಟರ್ ದಾಟಿದರೆ ವಿಡಿಎಸ್‌ಎಲ್‌ಗೂ ಎಡಿಎಸ್‌ಎಲ್2 ಪ್ಲಸ್‌ಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಮೂರೂವರೆ ಕಿಲೋಮೀಟರ್ ಆಚೆ ಎಡಿಎಸ್‌ಎಲ್2 ಪ್ಲಸ್‌ನ ಮೇಲಿನ ಅರ್ಧ ಪಟ್ಟಿ ಸತ್ತೇ ಹೋಗಿರುತ್ತದೆ. ಅಲ್ಲಿ 1.1 ಮೆಗಾಹರ್ಟ್ಸ್‌ವರೆಗೆ ಮಾತ್ರ ಬಳಸುವ ಎಡಿಎಸ್‌ಎಲ್2 ಅಂತ ಗಟ್ಟಿ ಮಾಡಿ ಇಟ್ಟರೆ ಲೈನ್ ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ.

ಅನೆಕ್ಸ್ (ಮಾನದಂಡದ ಉಪವಿಧ) ಕೇಳಿದರೆ ಎ ಆರಿಸಿ. ಮಾಮೂಲಿ ಫೋನಿನ ಜೊತೆ ಹೋಗುವುದು ಅದೇ. ಅಪ್‌ಲೋಡ್ ಹೆಚ್ಚು ಬೇಕಿದ್ದರೆ ಅನೆಕ್ಸ್ ಎಂ ಇದೆ. ಆದರೆ ಒಂದೇ ಕೇಬಲ್‌ನಲ್ಲಿ ಎ ಮತ್ತು ಎಂ ಬೆರೆಸಿದರೆ ಪಕ್ಕದ ಜೋಡಿಗಳಿಗೆ ತೊಂದರೆ. ಮೋಡ್ ಆಟೋ ಇಡಬಹುದೇ ಅಂದರೆ, ಮೊದಲ ಸಲ ಇಡಿ, ಮೋಡೆಮ್ ಯಾವುದಕ್ಕೆ ಒಪ್ಪಿತು ನೋಡಿ, ಆಮೇಲೆ ಅದನ್ನೇ ಗಟ್ಟಿ ಮಾಡಿ.

ಸ್ಪೀಡ್ ಮಿತಿ

ಇದು ಕೆಬಿಪಿಎಸ್‌ನಲ್ಲಿ ಇರುತ್ತದೆ. ಎಡಿಎಸ್‌ಎಲ್ ಎಟಿಎಂ (ಬ್ಯಾಂಕಿನದಲ್ಲ, ಡೇಟಾವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸಿ ಕಳಿಸುವ ವಿಧಾನ) ಮೇಲೆ ನಡೆಯುವುದರಿಂದ 53 ಬೈಟಿನ ಪ್ರತಿ ಸೆಲ್‌ನಲ್ಲಿ 5 ಬೈಟ್ ಹೆಡರ್‌ಗೇ ಹೋಗುತ್ತದೆ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ವಿಧಾನ) ಮತ್ತಿತರ ಹೆಡರ್ ಸೇರಿದರೆ ಸಿಂಕ್ ಸ್ಪೀಡಿನ ಸುಮಾರು ಶೇ 85ರಷ್ಟು ಮಾತ್ರ ಬಳಕೆದಾರರಿಗೆ ಸಿಗುತ್ತದೆ. 8 ಎಂಬಿಪಿಎಸ್ ಕೊಡುತ್ತೇನೆ ಅಂತ ಹೇಳಿದ್ದರೆ ಪೋರ್ಟಿನಲ್ಲಿ 9400 ಹಾಕಿ. 8000 ಅಂತ ಹಾಕಿಟ್ಟು ಅವರು ಸ್ಪೀಡ್ ಟೆಸ್ಟ್ ಮಾಡಿ 6.8 ಬಂತು ಅಂದಾಗ ವಾದ ಮಾಡುವುದು ಸರಿಯಲ್ಲ, ಅವರ ಮಾತೇ ಸರಿ. ವಿಡಿಎಸ್‌ಎಲ್‌ನಲ್ಲಿ ಎಟಿಎಂ ಇರುವುದಿಲ್ಲ, ಅಲ್ಲಿ ನಷ್ಟ ಇದಕ್ಕಿಂತ ತುಂಬಾ ಕಡಿಮೆ.

ಕನಿಷ್ಠ ಸ್ಪೀಡ್ ಅನ್ನೋ ಜಾಗದಲ್ಲಿ ಜಾಸ್ತಿ ಹಾಕಬೇಡಿ. ಅಷ್ಟು ಸಿಗದಿದ್ದರೆ ಪೋರ್ಟ್ ಏಳುವುದೇ ಇಲ್ಲ, ಸುಮ್ಮನೆ ಟ್ರೈನ್ ಆಗುತ್ತಲೇ (ಮೋಡೆಮ್ ಜೊತೆ ಹೊಂದಿಕೊಳ್ಳಲು ನೋಡುತ್ತಲೇ) ಇರುತ್ತದೆ. ಮಳೆಗಾಲದಲ್ಲಿ ಲೈನ್ ಸ್ವಲ್ಪ ಕುಗ್ಗಿದರೂ ಏನೂ ಇಲ್ಲದಂತೆ ಆಗುವುದಕ್ಕಿಂತ ನಿಧಾನವಾಗಿಯಾದರೂ ಬರುವುದು ಮೇಲು ಅಲ್ವಾ?

ಎಸ್‌ಎನ್‌ಆರ್ ಮಾರ್ಜಿನ್: ಇಲ್ಲಿ ಸಮಯ ಕೊಡಿ

ಇಡೀ ಕೆಲಸದಲ್ಲಿ ನಿಜವಾಗಿ ತಲೆ ಓಡಿಸಬೇಕಾದ ಜಾಗ ಇದು. ಲೈನಿನ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವುದು ಎಸ್‌ಎನ್‌ಆರ್. ಅದು ಎಷ್ಟಿರಬೇಕೋ ಅದಕ್ಕಿಂತಲೂ ಇನ್ನೂ ಎಷ್ಟು ಉಳಿಕೆ ಇಟ್ಟುಕೊಳ್ಳಬೇಕು ಅಂತ ಹೇಳುವುದೇ ಟಾರ್ಗೆಟ್ ಮಾರ್ಜಿನ್. ಮಾಮೂಲಿ 6 ಡಿಬಿ (ಡೆಸಿಬೆಲ್). ಸಿಂಕ್ ಆಗುವಾಗ ಪೋರ್ಟ್ ಆ 6 ಡಿಬಿ ಬದಿಗಿಟ್ಟು ಮಿಕ್ಕಿದ್ದರಲ್ಲಿ ಸ್ಪೀಡ್ ತುಂಬುತ್ತದೆ. ಮುಂದೆ ಗದ್ದಲ 6 ಡಿಬಿ ಏರಿದರೂ ಲೈನ್ ತಡೆದುಕೊಳ್ಳುತ್ತದೆ. ಅದಕ್ಕಿಂತ ಏರಿದರೆ ಎರರ್, ಆಮೇಲೆ ರೀಟ್ರೈನ್, ಅಂದರೆ ಲೈನ್ ಬಿದ್ದು ಮತ್ತೆ ಸಿಂಕ್ ಆಗುವುದು.

ಎಷ್ಟು ಬೆಲೆ ತೆರುತ್ತೇವೆ ಅಂತ ಲೆಕ್ಕ ಹಾಕಬಹುದು. ಎಡಿಎಸ್‌ಎಲ್2 ಪ್ಲಸ್‌ನ ಇಡೀ ಪಟ್ಟಿಯನ್ನು 4.3125 ಕಿಲೋಹರ್ಟ್ಸ್ ಅಗಲದ 512 ಟೋನ್‌ಗಳಾಗಿ ಸೀಳಿರುತ್ತಾರೆ. ಒಂದೊಂದು ಟೋನ್ ಸೆಕೆಂಡಿಗೆ 4000 ಸಲ ಡೇಟಾ ಹೊರುತ್ತದೆ, ಸಲಕ್ಕೆ ಹೆಚ್ಚೆಂದರೆ 15 ಬಿಟ್. ಮಾರ್ಜಿನ್ 3 ಡಿಬಿ ಏರಿಸಿದರೆ ಟೋನ್‌ಗೆ ಸುಮಾರು 1 ಬಿಟ್ ಕಮ್ಮಿ. ಡೌನ್‌ಸ್ಟ್ರೀಮ್‌ಗೆ (ಡಿಸ್ಲ್ಯಾಮ್‌ನಿಂದ ಮನೆ ಕಡೆಗೆ) 480 ಟೋನ್ ಕೆಲಸ ಮಾಡುತ್ತಿದ್ದರೆ 480 ಗುಣಿಸು 4000, ಅಂದರೆ 1.9 ಎಂಬಿಪಿಎಸ್ ಹೋಯಿತು. ದೂರದ ಲೈನಿನಲ್ಲಿ 150 ಟೋನ್ ಮಾತ್ರ ಬದುಕಿದ್ದರೆ ನಷ್ಟ 0.6 ಎಂಬಿಪಿಎಸ್ ಅಷ್ಟೇ. ನೋಡಿ, ದೂರದ ಲೈನಿಗೇ ಮಾರ್ಜಿನ್ ಹೆಚ್ಚು ಬೇಕು, ಅದಕ್ಕೆ ತೆರುವ ಸ್ಪೀಡೂ ಅಲ್ಲೇ ಕಮ್ಮಿ. ಆದರೂ ಅವರಿಗೆ ಇರುವುದೇ ಸ್ವಲ್ಪ ಅಂತ ಮಾರ್ಜಿನ್ ಇಳಿಸಿ ಅರ್ಧ ಎಂಬಿ ಹೆಚ್ಚು ಕೊಡುತ್ತಾರೆ. ಆ ಅರ್ಧ ಎಂಬಿಗಾಗಿ ದಿನವಿಡೀ ಲೈನ್ ಬಿದ್ದೇಳುತ್ತದೆ.

ನನ್ನ ಲೆಕ್ಕ ಹೀಗೆ. ಮೈಸೂರು ಊರೊಳಗೆ, ಕೇಬಲ್ ಪೂರ್ತಿ ನೆಲದೊಳಗೆ ಇರುವ ಕಡೆ 6 ಸಾಕು. ಕಂಬದ ಮೇಲೆ ಡ್ರಾಪ್ ವೈರ್ ಹೋಗಿದ್ದರೆ 8 ಅಥವಾ 9. ಮಂಡ್ಯ ಕಡೆ ಗದ್ದೆ ಅಂಚಿನ ಕ್ವಾರ್ಟರ್ಸ್, ಪಕ್ಕದಲ್ಲೇ ಪಂಪ್‌ಸೆಟ್ ಅಥವಾ ಆಲೆಮನೆ ಇದ್ದರೆ 9ರಿಂದ 12. ಕನಿಷ್ಠ ಮಾರ್ಜಿನ್ 0 ಇರಲಿ, ಅದನ್ನು ಏರಿಸಿದರೆ ಪೋರ್ಟ್ ಬೇಕಿಲ್ಲದೆಯೂ ಬೀಳುತ್ತದೆ. ಗರಿಷ್ಠ ಮಾರ್ಜಿನ್ 31 ಅಂತ ಇರುತ್ತದೆ ಬಹಳ ಕಡೆ, ಅಂದರೆ ಬೇಕಿಲ್ಲದಿದ್ದರೂ ಪವರ್ ಇಳಿಸಬೇಡ ಅಂತ. ಹತ್ತಿರದ ಲೈನ್‌ಗಳಿಗೆ ಅದನ್ನು 15ರ ಆಸುಪಾಸಿಗೆ ತನ್ನಿ. ಪೋರ್ಟ್ ತನ್ನ ಪವರ್ ಇಳಿಸಿಕೊಳ್ಳುತ್ತದೆ, ಅದೇ ಕೇಬಲ್‌ನಲ್ಲಿರುವ ದೂರದ ಮನೆಗಳ ಜೋಡಿಗೆ ಸೋರುವ ಗದ್ದಲ ಕಮ್ಮಿಯಾಗುತ್ತದೆ.

ಇನ್ನೆರಡು ಸ್ವಿಚ್ ಇವೆ. ಬಿಟ್‌ಸ್ವಾಪ್ ಸದಾ ಆನ್ ಇರಲಿ. ಒಂದು ಟೋನ್ ಹಾಳಾದರೆ ಅದರ ಬಿಟ್‌ಗಳನ್ನು ಲೈನ್ ಬೀಳಿಸದೆ ಬೇರೆ ಟೋನ್‌ಗೆ ಸಾಗಿಸುತ್ತದೆ. ಎಸ್‌ಆರ್‌ಎ, ಅಂದರೆ ಸಿಂಕ್ ಹೋಗದೆಯೇ ಸ್ಪೀಡ್ ಏರಿಸಿ ಇಳಿಸುವ ಗುಣ, ಎರಡೂ ತುದಿ ಒಪ್ಪಿದರೆ ಮಾತ್ರ ಕೆಲಸ ಮಾಡುತ್ತದೆ. ಒಪ್ಪಿದರೆ ಖಂಡಿತ ಹಾಕಿ.

ಇಂಟರ್‌ಲೀವ್, ಐಎನ್‌ಪಿ ಮತ್ತು ಪಂಪ್‌ಸೆಟ್

ಮಾರ್ಜಿನ್ ಕಾಯುವುದು ನಿಧಾನವಾಗಿ ಏರುವ ಗದ್ದಲದಿಂದ. ಚಟ್ಟನೆ ಹೊಡೆಯುವ ಗದ್ದಲಕ್ಕೆ ಬೇರೆಯೇ ಮದ್ದು. ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ದಿನಪೂರ್ತಿ ಇರುವುದಿಲ್ಲ, ಪಾಳಿಯಲ್ಲಿ ಬರುತ್ತದೆ. ಬಹಳಷ್ಟು ಕಡೆ ಆಟೋ ಸ್ಟಾರ್ಟರ್ ಇಟ್ಟಿರುತ್ತಾರೆ. ತ್ರೀ ಫೇಸ್ ಬಂದ ಕ್ಷಣ ಸುತ್ತಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ, ಆ ಕಾಂಟ್ಯಾಕ್ಟರ್‌ಗಳ ಕಿಡಿ ಪಕ್ಕದ ಕಂಬದ ಮೇಲಿರುವ ಡ್ರಾಪ್ ವೈರ್‌ಗೆ ಬಡಿಯುತ್ತದೆ, ಒಂದಷ್ಟು ಪೋರ್ಟ್ ಒಟ್ಟಿಗೆ ಬೀಳುತ್ತವೆ. ಬೇಸಾಯ ನಿಲ್ಲಿಸಿ ಅಂತ ಹೇಳಲಾಗುವುದಿಲ್ಲ, ಪೋರ್ಟನ್ನೇ ಗಟ್ಟಿ ಮಾಡಬೇಕು.

ಇಂಟರ್‌ಲೀವ್ ಮಾಡುವುದು ಇಷ್ಟೇ: ಡೇಟಾವನ್ನು ಕಲಸಿ ಕಳಿಸುತ್ತದೆ. ಒಂದು ಹೊಡೆತ ಬಿದ್ದರೆ ಒಂದೇ ತುಂಡು ಪೂರ್ತಿ ಹಾಳಾಗುವ ಬದಲು ಹಲವು ತುಂಡುಗಳಲ್ಲಿ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ, ಅಷ್ಟನ್ನು ತಿದ್ದುವ ಕೋಡ್ ಸರಿಮಾಡಿಕೊಳ್ಳುತ್ತದೆ. ಕಲಸಿ ಬಿಡಿಸಲು ಸಮಯ ಬೇಕು, ಅದೇ ಡಿಲೇ. ಐಎನ್‌ಪಿ ಅಂದರೆ ಎಷ್ಟು ಉದ್ದದ ಹೊಡೆತ ತಡೆಯಬೇಕು ಅನ್ನುವುದು. ಒಂದು ಸಿಂಬಲ್ 250 ಮೈಕ್ರೋಸೆಕೆಂಡ್, ಐಎನ್‌ಪಿ 2 ಅಂದರೆ ಅರ್ಧ ಮಿಲಿಸೆಕೆಂಡ್ ಹೊಡೆತ ತಡೆಯುತ್ತದೆ.

ಎಷ್ಟು ಹಾಕಬೇಕು? ಐಎನ್‌ಪಿ 2, ಡಿಲೇ 8 ಮಿಲಿಸೆಕೆಂಡ್‌ನಿಂದ ಶುರು ಮಾಡಿ. 8ಕ್ಕೆ ಕಾರಣ ಇದೆ. ನಮ್ಮ ಕರೆಂಟ್ 50 ಹರ್ಟ್ಸ್. ಕೆಟ್ಟ ಎಲ್‌ಇಡಿ ಡ್ರೈವರ್, ಡಿಮ್ಮರ್, ಅಗ್ಗದ ಚಾರ್ಜರ್‌ಗಳ ಗದ್ದಲ ಅರ್ಧ ಸೈಕಲ್‌ಗೆ ಒಂದರಂತೆ, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ಹೊಡೆಯುತ್ತದೆ. ಡಿಲೇ 10ಕ್ಕಿಂತ ಕಮ್ಮಿ ಇದ್ದರೆ ಒಂದು ಕಲಸುವಿಕೆಯೊಳಗೆ ಒಂದೇ ಹೊಡೆತ ಬೀಳುತ್ತದೆ, ತಿದ್ದುವುದು ಸುಲಭ. ಪಂಪ್‌ಸೆಟ್ ಪಕ್ಕ ಐಎನ್‌ಪಿ 4, ಡಿಲೇ 16 ಬೇಕಾಗಬಹುದು. ಐಎನ್‌ಪಿ ಏರಿಸಿ ಡಿಲೇ ಹಾಗೇ ಬಿಟ್ಟರೆ ತಿದ್ದುವ ಕೋಡಿಗೇ ಜಾಗ ಹೋಗಿ ಸ್ಪೀಡ್ ತುಂಬಾ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಏರಿಸಿ. ಗೇಮ್ ಆಡುವ ಹುಡುಗರು ಪಿಂಗ್ ಜಾಸ್ತಿ ಅಂತ ಇಂಟರ್‌ಲೀವ್ ಇಲ್ಲದ ಫಾಸ್ಟ್ ಮೋಡ್ ಕೇಳುತ್ತಾರೆ. ಲೈನ್ ಹತ್ತಿರದ್ದು, ಎರರ್ ಇಲ್ಲ ಅಂದರೆ ಕೊಡಿ, ಅದರಲ್ಲೇನು ತಪ್ಪು? ಗದ್ದಲದ ಲೈನಿಗೆ ಮಾತ್ರ ಬೇಡ.

ಉಪಕರಣದಲ್ಲಿ ಜಿ ಡಾಟ್ ಐಎನ್‌ಪಿ ಇದ್ದರೆ, ಮೋಡೆಮ್ ಕೂಡ ಒಪ್ಪಿದರೆ, ಇದೆಲ್ಲಕ್ಕಿಂತ ಅದೇ ಒಳ್ಳೆಯದು. ಹಾಳಾದ ತುಂಡನ್ನು ಮಾತ್ರ ಮತ್ತೆ ಕಳಿಸುತ್ತದೆ, ಗದ್ದಲ ಇಲ್ಲದಾಗ ಡಿಲೇ ಬಹುಪಾಲು ಇರುವುದೇ ಇಲ್ಲ.

ಪಿವಿಸಿ ಮತ್ತು ವಿಲ್ಯಾನ್

ಇದು ಬೇಗ ಮುಗಿಯುವ ಕೆಲಸ, ಆದರೆ ಒಂದು ಅಂಕಿ ತಪ್ಪಿದರೂ ಸಿಂಕ್ ಲೈಟ್ ಉರಿಯುತ್ತದೆ, ಇಂಟರ್ನೆಟ್ ಬರುವುದಿಲ್ಲ. ಎಡಿಎಸ್‌ಎಲ್‌ನಲ್ಲಿ ಪೋರ್ಟಿನಿಂದ ಮೋಡೆಮ್‌ಗೆ ಎಟಿಎಂ ಮೇಲೆ ಹೋಗುವ ಕಾಯಂ ದಾರಿಯೇ ಪಿವಿಸಿ. ಅದನ್ನು ಗುರುತಿಸುವ ವಿಪಿಐ, ವಿಸಿಐ ಎಂಬ ಎರಡು ಅಂಕಿ ಪೋರ್ಟಿಗೂ ಮೋಡೆಮ್‌ಗೂ ಒಂದೇ ಇರಬೇಕು. 0 ಮತ್ತು 35 ಇಡಿ. ಬಿಎಸ್‌ಎನ್‌ಎಲ್ ಬಳಸಿದ್ದು ಅದೇ ಆದ್ದರಿಂದ ನಮ್ಮಲ್ಲಿ ಸಿಗುವ ಹಳೇ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಎನ್‌ಕ್ಯಾಪ್ಸುಲೇಶನ್ (ಡೇಟಾ ಸುತ್ತಿ ಕಳಿಸುವ ಬಗೆ) ಕೇಳಿದರೆ ಎಲ್‌ಎಲ್‌ಸಿ ಆರಿಸಿ. ಆ ಪಿವಿಸಿಯನ್ನು ಯಾವ ವಿಲ್ಯಾನ್‌ಗೆ ಸೇರಿಸಬೇಕೋ ಅದಕ್ಕೆ ಸೇರಿಸಿ, ಅಪ್‌ಲಿಂಕ್ ಪೋರ್ಟಿನಲ್ಲಿ ಅದೇ ವಿಲ್ಯಾನ್ ಟ್ಯಾಗ್ ಆಗಿ ಹೋಗುತ್ತಿದೆಯೇ ಅಂತ ಆಚೆಯ ಸ್ವಿಚ್‌ನಲ್ಲೂ ನೋಡಿ. ವಿಡಿಎಸ್‌ಎಲ್2 ಆದರೆ ವಿಪಿಐ, ವಿಸಿಐ ಗೊಡವೆ ಇಲ್ಲ, ಪಿಟಿಎಂ ಮೋಡ್ (ಸೆಲ್ ಮಾಡದೆ ಪ್ಯಾಕೆಟ್ಟಾಗಿಯೇ ಕಳಿಸುವುದು) ಮತ್ತು ವಿಲ್ಯಾನ್ ಮಾತ್ರ.

ಪೋರ್ಟ್ ಐಸೊಲೇಶನ್ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಒಂದು ಮನೆಯ ಕಂಪ್ಯೂಟರ್ ಇನ್ನೊಂದು ಮನೆಗೆ ಕಾಣುತ್ತದೆ. ಪೋರ್ಟಿಗೆ ಇಷ್ಟೇ ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತು ಸಂಖ್ಯೆ) ಅಂತ ಮಿತಿ ಹಾಕಿ. ಪಿಪಿಪಿಒಇ ಇದ್ದರೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಬೈಟ್. ಕೆಲವು ಸೈಟ್ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ.

ಪೋರ್ಟ್ ಎಬ್ಬಿಸಿ, ಓದಿ

ಆಕ್ಟಿವೇಟ್ ಮಾಡಿ ಒಂದೆರಡು ನಿಮಿಷ ಕಾಯಿರಿ. ಹ್ಯಾಂಡ್‌ಶೇಕ್, ಟ್ರೈನಿಂಗ್ ದಾಟಿ ಶೋಟೈಮ್‌ಗೆ, ಅಂದರೆ ಡೇಟಾ ಹರಿಯುವ ಹಂತಕ್ಕೆ, ಬರಬೇಕು. ಹ್ಯಾಂಡ್‌ಶೇಕ್‌ನಲ್ಲೇ ನಿಂತರೆ ಮೋಡೆಮ್ ಆಫ್ ಇದೆ, ವೈರ್ ಕಡಿದಿದೆ ಅಥವಾ ಮೋಡ್ ಹೊಂದಿಕೆಯಾಗುತ್ತಿಲ್ಲ. ಟ್ರೈನಿಂಗ್‌ವರೆಗೆ ಬಂದು ಬಿದ್ದರೆ ಕನಿಷ್ಠ ಸ್ಪೀಡ್ ಅಥವಾ ಮಾರ್ಜಿನ್ ಜಾಸ್ತಿ ಕೇಳಿದ್ದೀರಿ.

ಶೋಟೈಮ್‌ಗೆ ಬಂದ ಮೇಲೆ ನೋಡಬೇಕಾದ್ದು ಈಗಿನ ಸ್ಪೀಡ್, ಸಿಗಬಹುದಾದ ಸ್ಪೀಡ್, ಮಾರ್ಜಿನ್, ಅಟೆನ್ಯುಯೇಶನ್ (ವೈರ್‌ನಲ್ಲಿ ಸಿಗ್ನಲ್ ಕುಗ್ಗುವ ಪ್ರಮಾಣ). 0.4ರ ವೈರ್‌ನಲ್ಲಿ ಕಿಲೋಮೀಟರಿಗೆ ಸುಮಾರು 14 ಡಿಬಿ ಅಟೆನ್ಯುಯೇಶನ್ ಅಂದುಕೊಳ್ಳಿ. ಓಮ್ ಅಳತೆಯಿಂದ ಬಂದ ದೂರಕ್ಕೂ ಇದಕ್ಕೂ ತಾಳೆ ನೋಡಿ. ಓಮ್ ಪ್ರಕಾರ ಒಂದು ಕಿಲೋಮೀಟರ್, ಅಟೆನ್ಯುಯೇಶನ್ 30 ಅಂದರೆ ವೈರ್‌ನಲ್ಲಿ ದೋಷ ಇದೆ, ಪ್ರೊಫೈಲ್‌ನಿಂದ ಅದನ್ನು ಸರಿಮಾಡಲಾಗದು.

ಎರರ್ ಓದುವಾಗ ಎಲ್ಲರೂ ಗಲಿಬಿಲಿ ಆಗುವುದು ನಿಯರ್ ಎಂಡ್, ಫಾರ್ ಎಂಡ್ ಎಂಬಲ್ಲಿ. ಡಿಸ್ಲ್ಯಾಮ್‌ನಲ್ಲಿ ಕೂತಾಗ ನಿಯರ್ ಎಂಡ್ ಅಂದರೆ ಡಿಸ್ಲ್ಯಾಮ್ ತಾನು ಕೇಳಿಸಿಕೊಂಡದ್ದು, ಅಂದರೆ ಅಪ್‌ಸ್ಟ್ರೀಮ್. ಫಾರ್ ಎಂಡ್ ಅಂದರೆ ಮೋಡೆಮ್ ಕೇಳಿಸಿಕೊಂಡದ್ದು, ಡೌನ್‌ಸ್ಟ್ರೀಮ್. ಎಫ್‌ಇಸಿ ಎಣಿಕೆ ಎಷ್ಟೇ ಏರಲಿ, ಚಿಂತೆ ಬೇಡ, ಅವು ತಿದ್ದಿ ಸರಿಯಾದವು. ಸಿಆರ್‌ಸಿ (ತಿದ್ದಲಾಗದೆ ಉಳಿದ ಎರರ್) ಏರುತ್ತಿದ್ದರೆ ಮಾತ್ರ ಬಳಕೆದಾರರಿಗೆ ತಟ್ಟುತ್ತದೆ. ಕೌಂಟರ್ ಸೊನ್ನೆ ಮಾಡಿ ಕನಿಷ್ಠ ಒಂದು ಪೂರ್ತಿ ದಿನ ಬಿಡಿ, ಆಮೇಲೆ 15 ನಿಮಿಷದ ತುಂಡುಗಳನ್ನು ಒಂದೊಂದಾಗಿ ನೋಡಿ. ಬೆಳಗಿನ ಜಾವದ ಎರಡು ತುಂಡುಗಳಲ್ಲಿ ಮಾತ್ರ ಎರರ್ ಇದ್ದರೆ ಅದು ಮೋಟರ್. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಸಮನಾಗಿ ಇದ್ದರೆ ದೀಪ, ಚಾರ್ಜರ್. ಮಳೆ ಬಂದ ದಿನ ಮಾತ್ರ ಅಂದರೆ ಜಾಯಿಂಟ್. ಈ ಒಂದು ಪಟ್ಟಿ ಹೇಳುವಷ್ಟು ಯಾವ ದುಬಾರಿ ಟೆಸ್ಟರ್ ಕೂಡ ಹೇಳುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಟೋನ್‌ವಾರು ಬಿಟ್‌ಗಳ ಗ್ರಾಫ್ ಸಿಕ್ಕರೆ ಅದನ್ನೂ ನೋಡಿ. ಒಂದೇ ಕಡೆ ಚೂಪಾದ ಗುಂಡಿ ಇದ್ದರೆ ರೇಡಿಯೊ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಎಡಿಎಸ್‌ಎಲ್ ಪಟ್ಟಿಯೊಳಗೇ ಬೀಳುತ್ತದೆ, ಟೋನ್ 142ರ ಹತ್ತಿರ. ಕಂಬದ ಮೇಲಿನ ಉದ್ದ ವೈರ್ ಅದಕ್ಕೆ ಆಂಟೆನಾ ಆಗುತ್ತದೆ. ಬಿಟ್‌ಸ್ವಾಪ್ ಆನ್ ಇದ್ದರೆ ಸಾಕು, ಬೇರೇನೂ ಮಾಡಬೇಕಿಲ್ಲ. ಅಗಲವಾಗಿ ಅಲೆ ಅಲೆಯಾಗಿ ಗುಂಡಿ ಬಿದ್ದಿದ್ದರೆ ಕವಲು ವೈರ್, ಮತ್ತೆ ಎಂಡಿಎಫ್ ಹತ್ತಿರ ಹೋಗಿ.

ಮೂರು ಲೈನ್ ಇಟ್ಟುಕೊಂಡು ನೋಡೋಣ

ಒಂದೇ ಕ್ಯಾಂಪಸ್‌ನಲ್ಲಿ ಮೂರು ಮನೆ ಅಂದುಕೊಳ್ಳಿ. ಮೊದಲನೆಯದು 400 ಮೀಟರ್, 112 ಓಮ್, ನೆಲದೊಳಗಿನ ಕೇಬಲ್. ವಿಡಿಎಸ್‌ಎಲ್ ಕಾರ್ಡ್ ಇದ್ದರೆ 17ಎ, ಮಾರ್ಜಿನ್ 6, ಡಿಲೇ ಕಮ್ಮಿ. ಇಲ್ಲದಿದ್ದರೆ ಎಡಿಎಸ್‌ಎಲ್2 ಪ್ಲಸ್, ಗರಿಷ್ಠ ಮಾರ್ಜಿನ್ 15. ಎರಡನೆಯದು 1.8 ಕಿಲೋಮೀಟರ್, ಅಟೆನ್ಯುಯೇಶನ್ 25 ಡಿಬಿ. ಎಡಿಎಸ್‌ಎಲ್2 ಪ್ಲಸ್, ಮಾರ್ಜಿನ್ 8, ಐಎನ್‌ಪಿ 2, ಡಿಲೇ 8. ಸಿಗಬಹುದಾದ ಸ್ಪೀಡ್ 15 ಎಂಬಿಪಿಎಸ್ ತೋರಿಸಿದರೆ ಗರಿಷ್ಠ 12ಕ್ಕೆ ನಿಲ್ಲಿಸಿ. ಉಳಿದ 3 ತಾನಾಗಿಯೇ ಮಾರ್ಜಿನ್ ಆಗಿ ಸೇರುತ್ತದೆ. ಮೂರನೆಯದು 3.5 ಕಿಲೋಮೀಟರ್, 48 ಡಿಬಿ, ಕೊನೆಯ ಭಾಗ ಕಂಬದ ಮೇಲೆ, ಪಕ್ಕದಲ್ಲಿ ಮೋಟರ್. ಎಡಿಎಸ್‌ಎಲ್2, ಮಾರ್ಜಿನ್ 10, ಐಎನ್‌ಪಿ 4, ಡಿಲೇ 16, ಗರಿಷ್ಠ 4 ಎಂಬಿಪಿಎಸ್. ಅವರಿಗೆ ಮೊದಲೇ ಹೇಳಿ, ಇಷ್ಟೇ ಬರುತ್ತದೆ, ಆದರೆ ಬೀಳುವುದಿಲ್ಲ ಅಂತ. ಮಕ್ಕಳ ಆನ್‌ಲೈನ್ ಕ್ಲಾಸು, ವಿಡಿಯೊ ಕಾಲ್ ನಡೆಯಲು 4 ಸಾಕು, ಅದು ನಿಂತಿರಬೇಕು ಅಷ್ಟೇ.

ಸಿಡಿಲು, ಕರೆಂಟ್, ಸೇವ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಮುಂಗಾರಿಗಿಂತ ಡಿಸ್ಲ್ಯಾಮ್‌ಗೆ ಹೆಚ್ಚು ಅಪಾಯ. ಕಂಬದ ಮೇಲೆ ಹೋಗುವ ಪ್ರತಿ ಜೋಡಿಗೂ ಎಂಡಿಎಫ್‌ನಲ್ಲಿ ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ (ಸಿಡಿಲಿನ ವೋಲ್ಟೇಜನ್ನು ಅರ್ಥ್‌ಗೆ ಹರಿಸುವ ಅರೆಸ್ಟರ್) ಹಾಕಿ, ಎಂಡಿಎಫ್ ಮತ್ತು ರ‍್ಯಾಕ್ ಎರಡನ್ನೂ ಒಂದೇ ಅರ್ಥ್‌ಗೆ ಸೇರಿಸಿ. ಅರ್ಥ್ ಇಲ್ಲದ ಅರೆಸ್ಟರ್‌ನಿಂದ ಏನೂ ಪ್ರಯೋಜನವಿಲ್ಲ. ಬೇಸಿಗೆ ಕೊನೆಯಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ, ನೀರು ಹಾಕಿಸಿ. ಗುಡುಗು ಕೇಳುತ್ತಿರುವಾಗ ಎಂಡಿಎಫ್ ಮುಟ್ಟಬೇಡಿ.

ಯುಪಿಎಸ್ ಬ್ಯಾಟರಿ ಇದ್ದರೂ ದೀರ್ಘ ಪವರ್ ಕಟ್‌ನಲ್ಲಿ ಡಿಸ್ಲ್ಯಾಮ್ ಆಫ್ ಆಗುತ್ತದೆ. ಬಹಳ ಉಪಕರಣಗಳಲ್ಲಿ ನೀವು ಮಾಡಿದ ಬದಲಾವಣೆ ಸೇವ್ ಕಮಾಂಡ್ ಕೊಡುವವರೆಗೂ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಕರೆಂಟ್ ಹೋದರೆ ಅದೂ ಹೋಯಿತು. ಒಂದು ಪೋರ್ಟ್ ಮುಗಿದ ಕೂಡಲೇ ಸೇವ್ ಮಾಡಿ, ದಿನದ ಕೊನೆಯಲ್ಲಿ ಹೊಸ ಬ್ಯಾಕಪ್ ತೆಗೆದು ಡಿಸ್ಲ್ಯಾಮ್ ಹೊರಗೆ ಎಲ್ಲಾದರೂ ಇಡಿ. ಪೋರ್ಟಿನ ವಿವರಣೆ ಜಾಗದಲ್ಲಿ ಬ್ಲಾಕ್, ಮನೆ ನಂಬರ್, ಎಂಡಿಎಫ್ ಜೋಡಿ ನಂಬರ್ ಬರೆಯಿರಿ. ಓಮ್, ಅಟೆನ್ಯುಯೇಶನ್, ಮಾರ್ಜಿನ್ ಮೂರನ್ನೂ ಇವತ್ತಿನ ತಾರೀಕಿನ ಜೊತೆ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ. ಮುಂದಿನ ಸಲ ಅದೇ ಮನೆಯಿಂದ ದೂರು ಬಂದಾಗ ಮೊದಲು ಆ ಹಾಳೆಯ ಅಂಕಿಗೆ ಈಗಿನ ಅಂಕಿ ಹೋಲಿಸಿ. ಓಮ್ ಬದಲಾಗಿದ್ದರೆ ಲೈನ್‌ಮನ್ ಕಳಿಸಿ, ಓಮ್ ಅದೇ ಇದ್ದು ಮಾರ್ಜಿನ್ ಮಾತ್ರ ಇಳಿದಿದ್ದರೆ ಮನೆ ಸುತ್ತ ಹೊಸದಾಗಿ ಏನು ಬಂದಿದೆ ಅಂತ ಕೇಳಿ.